ಇಚಿಕಾವಾದ ಹಳೆಯ ಮನೆಗಳೂ ವಾರಸು ತೆರಿಗೆಯೂ

ಗ್ಯೋತೊಕು, ಮಿನಾಮಿ ಗ್ಯೋತೊಕು, ಮ್ಯೋದೆನ್ - ಇಚಿಕಾವಾ ನಗರದ ಈ ಮೂರು ರೈಲು ನಿಲ್ದಾಣಗಳ ಆಸುಪಾಸಿನಲ್ಲಿ ಭಾರತೀಯ ಸಂಸಾರಗಳು ಹಲವು ನೆಲೆಸಿವೆ. ನಮ್ಮ ಕನ್ನಡದ ಮನೆಗಳೂ ಅವುಗಳಲ್ಲಿ ಸೇರಿವೆ. ನಾವು ಬಾಡಿಗೆಗೆ ಹಿಡಿಯುವ ಕಟ್ಟಡಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೂರೋ ಐದೋ ಅಂತಸ್ತು, ಕೆಳಗೆ ಸೈಕಲ್ಲುಗಳ ಸಾಲು, ಬಾಗಿಲ ಮೇಲೆ ಫ್ರೆಂಚ್ ಭಾಷೆಯದೋ ಇಟಾಲಿಯನ್ ಭಾಷೆಯದೋ ಎಂದು ತೋರುವ ಒಂದು ಹೆಸರು. ತೊಕುಗಾವಾ ದೊರೆಗಳ ಕಾಲದಲ್ಲಿ ಈ ಕಡೆಯೆಲ್ಲ ಉಪ್ಪಿನ ಆಗರ. ಎದೋ ಪಟ್ಟಣದ ಅಡಿಗೆಗೆ ಉಪ್ಪು ಇಲ್ಲಿಂದ ದೋಣಿಯಲ್ಲಿ ಹೋಗುತ್ತಿತ್ತು. ಆಮೇಲೆ ಗದ್ದೆ. ೧೯೬೯ರಲ್ಲಿ ತೋಜಾಯ್ ರೈಲುಮಾರ್ಗ ಬಂದು ಗ್ಯೋತೊಕು ನಿಲ್ದಾಣ ತೆರೆದ ಮೇಲೆ ಗದ್ದೆ ನಿವೇಶನವಾಯಿತು, ನಿವೇಶನ ಬಾಡಿಗೆ ಮನೆಯಾಯಿತು.

ಇಷ್ಟೊಂದು ಬಾಡಿಗೆ ಮನೆಗಳನ್ನು ಈ ಊರಿನ ಹಳೆಯ ರೈತಾಪಿ ಮನೆತನದವರು ಏಕೆ ಕಟ್ಟಿದರು? ರೈಲು ಬಂತು, ಜನ ಬಂದರು, ಬಾಡಿಗೆ ಬಂತು ಎನ್ನುವುದು ಅರ್ಧ ಉತ್ತರ. ಉಳಿದರ್ಧದಲ್ಲಿ ಒಂದು ಶಬ್ದ ಅಡಗಿದೆ: ಸೋಜೋಕುಜೇ. ಎಂದರೆ ವಾರಸು ತೆರಿಗೆ. ಖಾಲಿ ನಿವೇಶನವನ್ನು ಬಿಟ್ಟು ಯಜಮಾನನು ತೀರಿಕೊಂಡರೆ ಸರಕಾರ ಅದಕ್ಕೆ ಪೂರ್ತಿ ಬೆಲೆ ಕಟ್ಟುತ್ತದೆ. ಅದೇ ನಿವೇಶನದ ಮೇಲೆ ಸಾಲ ಮಾಡಿ ಬಾಡಿಗೆ ಮನೆ ಕಟ್ಟಿದ್ದರೆ ನೆಲದ ಬೆಲೆಯಲ್ಲಿ ಒಂದಂಶ ಕಳೆಯುತ್ತದೆ, ಬಾಡಿಗೆಗೆ ಕೊಟ್ಟ ಕಟ್ಟಡದ ಬೆಲೆಯಲ್ಲಿ ನೂರಕ್ಕೆ ಮೂವತ್ತು ಕಳೆಯುತ್ತದೆ, ಮೇಲೆ ಸಾಲವೂ ಆಸ್ತಿಯಿಂದ ವಜಾ ಆಗುತ್ತದೆ. ಆದ್ದರಿಂದ ಮುದುಕರಾದವರು ಸಾಲಗಾರರಾಗಿ ಸಾಯುವುದು ಇಲ್ಲಿ ಮಕ್ಕಳಿಗೆ ಮಾಡುವ ಉಪಕಾರ! ಸಾಲ ಶೂಲ ಎಂದು ಕೇಳಿ ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ ನಮ್ಮ ತಲೆಯ ಮೇಲಿನ ಸೂರಿನ ಹುಟ್ಟು ಹಲವೆಡೆ ಹೀಗೆಯೇ ಇದೆ.

ಈ ತೆರಿಗೆಯ ಕ್ರಮವನ್ನು ಎರಡು ಮಾತಿನಲ್ಲಿ ಹೇಳಬಹುದು. ಮರಣವನ್ನು ತಿಳಿದ ಹತ್ತು ತಿಂಗಳೊಳಗೆ ವಾರಸುದಾರರು ಲೆಕ್ಕ ಒಪ್ಪಿಸಿ ಹಣ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ ವರ್ಷಾಂತಿಕಕ್ಕೆ ಮೊದಲೇ. ನಗದಿಲ್ಲದವರು ಅಪ್ಪಣೆ ಪಡೆದು ಕಂತಿನಲ್ಲಿ ಕಟ್ಟಬಹುದು. ಅದೂ ಆಗದಿದ್ದರೆ ನೆಲವನ್ನೇ ಸರಕಾರಕ್ಕೆ ಒಪ್ಪಿಸಬಹುದು. ೨೦೧೫ಕ್ಕೆ ಮೊದಲು ೫ ಕೋಟಿ ಯೆನ್, ಜೊತೆಗೆ ತಲಾ ವಾರಸುದಾರನಿಗೆ ೧ ಕೋಟಿ ಯೆನ್ ವಿನಾಯಿತಿ ಇತ್ತು. ಆ ವರ್ಷದಿಂದ ಅದು ೩ ಕೋಟಿಗೂ ತಲಾ ೬೦ ಲಕ್ಷಕ್ಕೂ ಇಳಿಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ ಸಂಸಾರಕ್ಕೆ ೮ ಕೋಟಿಯಿದ್ದದ್ದು ೪ ಕೋಟಿ ೮೦ ಲಕ್ಷವಾಯಿತು. ಮೇಲಿನ ದರ ನೂರಕ್ಕೆ ೫೫. ನೆಲದ ಬೆಲೆಯನ್ನು ಬೀದಿ ಬೀದಿಗೆ ನಿಗದಿ ಮಾಡಿ ಸರಕಾರ ವರ್ಷಕ್ಕೊಮ್ಮೆ ಪ್ರಕಟಿಸುತ್ತದೆ. ಆ ಪಟ್ಟಿಗೆ ಗೊತ್ತಿರುವುದು ಬೀದಿ ಮತ್ತು ಅಳತೆ ಮಾತ್ರ. ಆ ನೆಲದ ಮೇಲೆ ನೂರು ವರ್ಷದ ಜಗಲಿಯಿದೆಯೋ ಮುರುಕು ಕೊಟ್ಟಿಗೆಯಿದೆಯೋ ಅದಕ್ಕೆ ಬೇಕಿಲ್ಲ.

ತೆರಿಗೆ ಹುಟ್ಟಿದ್ದು ೧೯೦೫ರಲ್ಲಿ, ರಷ್ಯದೊಡನೆ ನಡೆದ ಯುದ್ಧದ ಖರ್ಚಿಗೆಂದು. ಯುದ್ಧ ಅದೇ ವರ್ಷ ಮುಗಿಯಿತು, ತೆರಿಗೆ ಉಳಿಯಿತು. ತೆರಿಗೆಗಳ ಜಾತಕವೇ ಹಾಗೆ. ಆದರೂ ಅಂದಿನ ಕಾನೂನು ದೊಡ್ಡ ಮನೆಗಳನ್ನು ಮುರಿಯುವಂಥದಾಗಿರಲಿಲ್ಲ. ಆಗ ಜಪಾನಿನಲ್ಲಿ 'ಇಎ' ಎಂಬ ಮನೆತನದ ಪದ್ಧತಿಯಿತ್ತು. ಯಜಮಾನಿಕೆಯೊಡನೆ ಆಸ್ತಿಯೆಲ್ಲವೂ ಹಿರಿಯ ಮಗನಿಗೇ ಹೋಗುತ್ತಿತ್ತು. ಹಾಗೆ ಹೋದ ಆಸ್ತಿಗೆ ತೆರಿಗೆಯೂ ಹಗುರವಾಗಿತ್ತು. ಕಿರಿಯರು ಹೊರಗೆ ಹೋಗಿ ದುಡಿದು ತಿನ್ನಬೇಕು, ಹೆಣ್ಣುಮಕ್ಕಳು ಮದುವೆಯಾಗಿ ಹೋಗಬೇಕು. ಹಳೆಯ ಮನೆಗಳ ವೈಭವವನ್ನು ಹೊಗಳುವಾಗ ಈ ಬರಿಗೈಯವರನ್ನು ಮರೆಯುವುದು ನ್ಯಾಯವಲ್ಲ.

ಇಲ್ಲಿ ಇಚಿಕಾವಾದ ಒಂದು ಮನೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಾಮಾ ಎಂಬ ಭಾಗದ ದಿಬ್ಬದ ಮೇಲೆ, ಮರಗಳ ನಡುವೆ, ಕಿಉಚಿ ಗ್ಯಾಲರಿ ಎಂಬ ನಗರಸಭೆಯ ಪುಟ್ಟ ಚಿತ್ರಶಾಲೆಯಿದೆ. ಕಿಉಚಿ ಜೂಶಿರೋ ಎಂಬ ರಾಜಕಾರಣಿ ೧೯೧೪ರಲ್ಲಿ ಕಟ್ಟಿಸಿದ ವಿಹಾರದ ಮನೆಯ ಪಾಶ್ಚಾತ್ಯ ಶೈಲಿಯ ಭಾಗ ಅದು. ಅದನ್ನೇ ಮರಳಿ ಎತ್ತಿ ನಿಲ್ಲಿಸಿದ್ದಾರೆ. ಉಳಿದ ಮನೆ ಇಂದು ಇಲ್ಲ. ಕಿಉಚಿಯವರು ಈ ಚಿಬಾ ಪ್ರಾಂತದವರೇ. ೧೯೧೬ರಿಂದ ೧೯೧೮ರವರೆಗೆ ಕ್ಯೋಟೋ ಪ್ರಾಂತದ ಗವರ್ನರ್ ಆಗಿದ್ದರು, ೧೯೨೫ರಲ್ಲಿ ತೀರಿಕೊಂಡರು. ಅವರ ಹೆಂಡತಿ ಮಿತ್ಸುಬಿಶಿ ಸಂಸ್ಥೆಯನ್ನು ಕಟ್ಟಿದ ಇವಾಸಾಕಿ ಯತಾರೋ ಅವರ ಮಗಳು. ಆಕೆಯ ಅಕ್ಕನ ಗಂಡ ಕಾತೋ ತಕಾಆಕಿ, ತಂಗಿಯ ಗಂಡ ಶಿದೆಹಾರಾ ಕಿಜೂರೋ. ಇಬ್ಬರೂ ಜಪಾನಿನ ಪ್ರಧಾನ ಮಂತ್ರಿಗಳಾದವರು. ಷಡ್ಡಕರ ಸಭೆ ಸೇರಿದರೆ ಮಂತ್ರಿಮಂಡಲವೇ ಸೇರಿದಂತೆ!

ಕಿಉಚಿಯವರ ಮಗಳನ್ನು ೧೯೨೨ರಲ್ಲಿ ಮದುವೆಯಾದವರು ಶಿಬುಸಾವಾ ಕೆಯ್‌ಜೋ. ಜಪಾನಿನ ಬ್ಯಾಂಕು ಕೈಗಾರಿಕೆಗಳ ಪಿತಾಮಹರೆಂದು ಹೆಸರಾದ ಶಿಬುಸಾವಾ ಎಯ್‌ಇಚಿ ಅವರ ಮೊಮ್ಮಗ. ಕೆಯ್‌ಜೋ ಅವರಿಗೆ ಮನಸ್ಸಿದ್ದದ್ದು ಜಾನಪದದಲ್ಲಿ. ಹಳ್ಳಿಗರ ಬುಟ್ಟಿ, ಬಲೆ, ಚಪ್ಪಲಿ, ಆಟಿಕೆಗಳನ್ನು ಕೂಡಿಟ್ಟು ಮನೆಯಲ್ಲೇ ಸಂಗ್ರಹಾಲಯ ಮಾಡಿದವರು. ಅಜ್ಜನ ಮಾತಿಗೆ ಕಟ್ಟುಬಿದ್ದು ಬ್ಯಾಂಕಿಗೆ ಸೇರಿದರು. ಸೋತ ದೇಶದಲ್ಲಿ, ೧೯೪೫ರ ಅಕ್ಟೋಬರಿನಲ್ಲಿ, ಶಿದೆಹಾರಾ ಅವರ ಮಂತ್ರಿಮಂಡಲದಲ್ಲಿ ಹಣಕಾಸಿನ ಮಂತ್ರಿಯಾದರು. ಪ್ರಧಾನಿ ಹೆಂಡತಿಯ ಚಿಕ್ಕಪ್ಪ. ಈ ಇಬ್ಬರು ಬಂಧುಗಳ ಸರಕಾರವೇ ಬ್ಯಾಂಕಿನಲ್ಲಿದ್ದ ಜನರ ಠೇವಣಿಯನ್ನು ತಡೆಹಿಡಿದು, ೧೯೪೬ರ ಮಾರ್ಚ್ ೩ರಂದು ಯಾರ ಬಳಿ ಏನಿತ್ತೆಂದು ಲೆಕ್ಕ ತೆಗೆದು, ಆಸ್ತಿವಂತರ ಮೇಲೆ ಒಂದೇ ಬಾರಿ ಹೇರುವ ಆಸ್ತಿ ತೆರಿಗೆಗೆ ಹಾದಿ ಮಾಡಿತು. ಆ ವರ್ಷದ ನವೆಂಬರಿನಲ್ಲಿ ಕಾನೂನು ಬಂದಾಗ ಅವರು ಅಧಿಕಾರದಲ್ಲಿರಲಿಲ್ಲ. ಒಂದು ಲಕ್ಷ ಯೆನ್ನಿಗೆ ಮೇಲ್ಪಟ್ಟ ಆಸ್ತಿಗೆ ನೂರಕ್ಕೆ ೨೫ರಿಂದ ಆರಂಭ. ಒಂದೂವರೆ ಕೋಟಿಯನ್ನು ಮೀರಿದ ಭಾಗಕ್ಕೆ ನೂರಕ್ಕೆ ೯೦.

ತಾನು ಹೊಲಿದ ಅಂಗಿಯನ್ನು ಶಿಬುಸಾವಾ ಅವರು ತಾವೇ ತೊಟ್ಟರು. ಟೋಕಿಯೋದ ಮಿತಾದಲ್ಲಿದ್ದ ತಮ್ಮ ಮಹಲನ್ನು ತೆರಿಗೆಗೆ ಬದಲಾಗಿ ಸರಕಾರಕ್ಕೆ ಒಪ್ಪಿಸಿ, ಅದೇ ಆವರಣದಲ್ಲಿ ಮನೆವಾರ್ತೆಯವನಿಗಿದ್ದ ಸಣ್ಣ ಮನೆಗೆ ಹೋಗಿ ಸೇರಿಕೊಂಡು ತರಕಾರಿ ಬೆಳೆದರು. ಈ ಇಳಿತಕ್ಕೆ ಅವರು 'ನಿಕೊನಿಕೊ ಬೊತ್ಸುರಾಕು' ಎಂದು ಹೆಸರಿಟ್ಟುಕೊಂಡರು. ನಗುನಗುತ್ತ ಮುಳುಗುವುದು ಎಂದು ಅರ್ಥ. ಅವರ ಅತ್ತೆಯ ತವರಿನ ಕಥೆಯೂ ಹೀಗೆಯೇ: ಯುಶಿಮಾ ಬಳಿಯಿದ್ದ ಇವಾಸಾಕಿ ಮಹಲು ಯುದ್ಧಾನಂತರ ಸರಕಾರದ ವಶವಾಯಿತು, ಇಂದು ಅದು ಟೋಕಿಯೋದ ಒಂದು ಉದ್ಯಾನ. ಶಿಬುಸಾವಾ ಮಹಲಿನ ಪ್ರಯಾಣವಂತೂ ಇನ್ನೂ ದೊಡ್ಡದು. ೧೮೭೮ರಲ್ಲಿ ಫುಕಾಗಾವಾದಲ್ಲಿ ಕಟ್ಟಿದ್ದು, ೧೯೦೮ರಲ್ಲಿ ಮಿತಾಕ್ಕೆ ಬಂದದ್ದು, ಸರಕಾರದ ಕೈಯಲ್ಲಿ ಹಲವು ವರ್ಷ ಕಳೆದು ೧೯೯೧ರಲ್ಲಿ ದೂರದ ಅಒಮೊರಿಗೆ ಹೋಯಿತು. ಇತ್ತೀಚೆಗೆ, ಮೊದಲು ಅದನ್ನು ಕಟ್ಟಿದ್ದ ಶಿಮಿಜು ಸಂಸ್ಥೆಯವರೇ ಅದನ್ನು ಬಿಚ್ಚಿ ತಂದು ಟೋಕಿಯೋದ ಕೋತೋ ಭಾಗದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮನೆ ಉಳಿಯಿತು. ಮನೆಯವರ ಮನೆಯಾಗಿ ಉಳಿಯಲಿಲ್ಲ.

ಅದೊಂದು ಬಾರಿಯ ಹೊಡೆತ. ನಿಧಾನವಾಗಿ ಕೊರೆಯುವ ಹೊಡೆತ ೧೯೪೮ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಾಗರಿಕ ಸಂಹಿತೆಯದು. 'ಇಎ' ಹೋಯಿತು, ಮಕ್ಕಳೆಲ್ಲರಿಗೂ, ಹೆಣ್ಣಾಗಲಿ ಗಂಡಾಗಲಿ, ಸಮಪಾಲು ಬಂತು. ಇದರ ಜೊತೆಗೆ ವಾರಸು ತೆರಿಗೆ, ಇವೆರಡರ ಮೇಲೆ ಏರುತ್ತ ಹೋದ ನೆಲದ ಬೆಲೆ. ೧೯೮೦ರ ದಶಕದ ಕೊನೆಯಲ್ಲಿ ಟೋಕಿಯೋದ ಸುತ್ತ ನೆಲದ ಬೆಲೆ ಹುಚ್ಚೆದ್ದು ಕುಣಿದಾಗ, ಸಂಬಳದ ಮೇಲೆ ಬದುಕುತ್ತಿದ್ದವರು ಕೂಡ ಅಪ್ಪ ಬಿಟ್ಟುಹೋದ ಮನೆಯ ತೆರಿಗೆಗಾಗಿ ಆ ಮನೆಯನ್ನೇ ಮಾರಬೇಕಾಯಿತು. ಮೂರು ತಲೆಮಾರು ವಾರಸು ನಡೆದರೆ ಆಸ್ತಿ ಬಯಲು ಎಂಬುದು ಜಪಾನೀಯರ ಬಾಯಲ್ಲಿ ಈಗ ಗಾದೆಯಂತೆ ಓಡಾಡುವ ಮಾತು.

ಇದರ ಗುರುತನ್ನು ಕಣ್ಣಾರೆ ನೋಡಬೇಕೆಂದರೆ ಸುಗಾನೋ, ಯಾವತಾ, ಮಾಮಾ ಕಡೆಯ ಓಣಿಗಳಲ್ಲಿ ಅಡ್ಡಾಡಬೇಕು. ಕರಿ ದೇವದಾರು ಇಚಿಕಾವಾದ ನಗರವೃಕ್ಷ. ಜಪಾನೀಯರು ಕುರೊಮಾತ್ಸು ಎನ್ನುತ್ತಾರೆ. ಕೆಲವೆಡೆ ಓಣಿಯ ನಡುವೆಯೇ ಮರ ನಿಂತಿದೆ, ಕಾರುಗಳು ಬಳಸಿಕೊಂಡು ಹೋಗುತ್ತವೆ. ಆದರೆ ಹೆಚ್ಚಿನ ಮರಗಳು ಇರುವುದು ಖಾಸಗಿ ಹಿತ್ತಿಲುಗಳಲ್ಲಿ. ಒಬ್ಬ ಯಜಮಾನನ ಹಿತ್ತಿಲು ಆರು ನಿವೇಶನವಾದಾಗ ಮೊದಲು ಬೀಳುವುದು ಮನೆಯಲ್ಲ, ಮರ. ಈ ಮರಗಳ ನೆರಳನ್ನು ನೆಚ್ಚಿ ೧೯೪೬ರಲ್ಲಿ ಇಲ್ಲಿಗೆ ಬಂದು ೧೯೫೯ರಲ್ಲಿ ಇಲ್ಲೇ ಕೊನೆಯುಸಿರೆಳೆದ ಸಾಹಿತಿ ನಗಾಇ ಕಫೂ ಅವರದೂ ಒಂದು ಆಸ್ತಿಯ ಕಥೆಯೇ. ಹಿರಿಯ ಮಗನಾಗಿ ೧೯೧೩ರಲ್ಲಿ ತಂದೆಯ ದೊಡ್ಡ ಮನೆ ಅವರಿಗೆ ಬಂತು. ಐದೇ ವರ್ಷಕ್ಕೆ ಮಾರಿಬಿಟ್ಟರು. ಅವರನ್ನು ಯಾವ ತೆರಿಗೆಯೂ ಒತ್ತಾಯಿಸಿರಲಿಲ್ಲ. ಹಿರಿಯ ಮಗನ ಪದ್ಧತಿಯಿದ್ದರೆ ಮನೆಗಳು ಶಾಶ್ವತ ಎನ್ನುವವರು ಇದನ್ನೂ ನೆನಪಿನಲ್ಲಿಡಬೇಕು.

ಕಾನೂನು ಪೂರ್ತಿ ಕುರುಡಲ್ಲ. ರಾಷ್ಟ್ರದ ಮುಖ್ಯ ಸಾಂಸ್ಕೃತಿಕ ಸ್ವತ್ತೆಂದು ಘೋಷಿತವಾದ ಮನೆಗೆ ವಾರಸು ತೆರಿಗೆಯಲ್ಲಿ ಬೆಲೆಯ ನೂರಕ್ಕೆ ೭೦ ಕಳೆಯುತ್ತಾರೆ; ಬರಿಯ ನೋಂದಣಿಯಾದ ಕಟ್ಟಡವಾದರೆ ನೂರಕ್ಕೆ ೩೦. ಆದರೆ ಘೋಷಣೆಯಾದ ಮನೆಯ ಹುಲ್ಲಿನ ಚಾವಣಿ ಬದಲಾಯಿಸುವುದು, ಬಡಗಿಯನ್ನು ಹುಡುಕುವುದು, ಗೆದ್ದಲನ್ನು ಕಾಯುವುದು ಇದ್ದೇ ಇರುತ್ತದೆ. ಹಳೆಯ ಮನೆ ಸಾಕುವುದೆಂದರೆ ಆನೆ ಸಾಕಿದಂತೆ. ಹೊನ್-ಗ್ಯೋತೊಕುವಿನಲ್ಲಿ ದೇವರ ಪಲ್ಲಕ್ಕಿಗಳನ್ನು ಮಾಡುತ್ತಿದ್ದ ಅಸಾಕೋ ಮನೆತನದ ಅಂಗಡಿ ನೋಂದಣಿಯಾದ ಕಟ್ಟಡ. ಅದು ಈಗ ನಗರಸಭೆಯ ಕೈಯಲ್ಲಿದೆ.

ಮನೆತನವೇ ಒಡೆಯ, ಮನುಷ್ಯರು ಬರಿಯ ಅನುಭೋಗದಾರರು ಎಂಬ ಈ 'ಇಎ' ಪದ್ಧತಿಯನ್ನು ಕೇಳಿದರೆ ನಮ್ಮಲ್ಲಿ ದಕ್ಷಿಣ ಕನ್ನಡದವರಿಗೆ ಊರಿನ ಗುತ್ತಿನ ಮನೆಗಳು ನೆನಪಾಗದೆ ಇರಲಾರವು. ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿ ಕುಟುಂಬದ್ದು, ಪಾಲಾಗುವಂತಿಲ್ಲ. ಯಜಮಾನನಾದ ಮಾವ ಸತ್ತರೆ ಮುಂದಿನವನು ಅವನ ಜಾಗಕ್ಕೆ ಬರುತ್ತಾನೆ, ಆಸ್ತಿ ಕದಲುವುದಿಲ್ಲ. ಸಾಯದ ಒಡೆಯನಿಗೆ ಮರಣದ ತೆರಿಗೆ ಹಾಕುವುದು ಹೇಗೆ? ದಿಲ್ಲಿಯವರು ಇದನ್ನೂ ಯೋಚಿಸಿದ್ದರು. ೧೯೫೩ರ ಅಕ್ಟೋಬರ್ ೧೫ರಿಂದ ಜಾರಿಗೆ ಬಂದ ಎಸ್ಟೇಟ್ ಡ್ಯೂಟಿ ಕಾನೂನಿನ ಏಳನೆಯ ಕಲಮಿನಲ್ಲಿ ಮಿತಾಕ್ಷರ, ಮರುಮಕ್ಕತ್ತಾಯಗಳ ಪಕ್ಕದಲ್ಲಿ ಅಳಿಯಸಂತಾನದ ಹೆಸರೂ ಇದೆ: ಅಂಥ ಕುಟುಂಬದಲ್ಲಿ ಸತ್ತವನಿಗೆ ಇದ್ದ ಹಕ್ಕಿನ ಅಂಶ ಕೈದಾಟಿತೆಂದು ಎಣಿಸಿ ತೆರಿಗೆ ಹಾಕಬೇಕು ಎಂದು. ದರ ಮುಂದೆ ಏರಿ, ೨೦ ಲಕ್ಷ ರೂಪಾಯಿಗೆ ಮೇಲ್ಪಟ್ಟದ್ದಕ್ಕೆ ನೂರಕ್ಕೆ ೮೫ ಆಯಿತು. ಜಪಾನಿನವರೂ ಅಷ್ಟು ದೂರ ಹೋಗಿದ್ದದ್ದು ಅಪರೂಪ.

ಕಾಗದದ ಮೇಲೆ ಹುಲಿ, ಕಚೇರಿಯಲ್ಲಿ ಬೆಕ್ಕು. ೧೯೮೫ರಲ್ಲಿ ವಿ. ಪಿ. ಸಿಂಗ್ ಅವರು ಆ ತೆರಿಗೆಯನ್ನು ರದ್ದು ಮಾಡಿದಾಗ ಅದರಿಂದ ದೇಶಕ್ಕೆಲ್ಲ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು ೨೦ ಕೋಟಿ ರೂಪಾಯಿ. ಗುತ್ತಿನ ಮನೆಗಳನ್ನು ಒಡೆದದ್ದು ಅದಲ್ಲ. ೧೯೪೯ರ ಮದರಾಸು ಅಳಿಯಸಂತಾನ ಕಾನೂನು ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನು ಸತ್ತವನ ಅಂಶವನ್ನು ಅವನ ಹೆಂಡತಿ ಮಕ್ಕಳಿಗೂ ಹರಿಸಿತು. ಗಡಿಯ ಆಚೆ ಕಾಸರಗೋಡು, ಮಂಜೇಶ್ವರಗಳ ನಮ್ಮವರಿಗೆ ಇನ್ನೂ ದೊಡ್ಡ ಸಂಗತಿ ಕಾದಿತ್ತು. ಕೇರಳದ ಅವಿಭಕ್ತ ಕುಟುಂಬ ರದ್ದಿಯಾತಿ ಕಾನೂನು ೧೯೭೬ರ ಡಿಸೆಂಬರ್ ೧ರಂದು ಜಾರಿಗೆ ಬಂದ ಆ ಒಂದೇ ದಿನ ಕುಟುಂಬಗಳೆಲ್ಲ ಪಾಲಾದಂತೆ ಎಣಿಸಲ್ಪಟ್ಟವು. ತಲಪಾಡಿಯ ಈಚೆ ಪಾಲು ಕೇಳಿದರೆ ಪಾಲು, ಆಚೆ ಕೇಳದಿದ್ದರೂ ಪಾಲು.

ಮತ್ತೆ ೧೯೭೪ರ ಮಾರ್ಚ್ ೧. ದೇವರಾಜ ಅರಸರ ಭೂಸುಧಾರಣೆ. ಚಾಲಗೇಣಿಯವರು ಡಿಕ್ಲರೇಶನ್ ಕೊಟ್ಟರು, ಉಳುವವನು ಒಡೆಯನಾದನು. ಗೇಣಿ ಅಕ್ಕಿಯ ಮುಡಿಗಳು ಬರುತ್ತಿದ್ದ ಅಂಗಳಕ್ಕೆ ಮುಡಿ ಬರುವುದು ನಿಂತಿತು. ದೊಡ್ಡ ಚಾವಡಿ, ಕೆತ್ತನೆಯ ಕಂಬ, ಮಳೆಗಾಲದಲ್ಲಿ ಸೋರುವ ಎರಡು ಅಂತಸ್ತಿನ ಮಾಡು ಮಾತ್ರ ಉಳಿದವು. ಒಡೆಯರ ಮನೆಯವರಿಗೆ ಇದು ದುಃಖದ ಕಥೆ; ಗೇಣಿದಾರರ ಮನೆಯವರಿಗೆ ಮೊದಲ ಬಾರಿಗೆ ಮಕ್ಕಳಿಗೆ ಬಿಟ್ಟುಹೋಗಲು ಏನಾದರೂ ಸಿಕ್ಕಿದ ಕಥೆ. ನಮ್ಮ ಸಂಘದಲ್ಲಿ ಎರಡೂ ಬಗೆಯ ಮನೆಯವರಿದ್ದಾರೆ, ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತೇವೆ. ಎರಡು ಕಥೆಯೂ ನಿಜವೆಂದೇ ನಾವು ಎಣಿಸುತ್ತೇವೆ.

ಹೀಗೆ ಬಿಚ್ಚಿ ಮಾರಾಟಕ್ಕೆ ಬಿದ್ದ ಮನೆಗಳ ಹಿಂದೆ ಓಡಾಡಿದವರು ಮಣಿಪಾಲದ ವಿಜಯನಾಥ ಶೆಣೈಯವರು. ಬ್ಯಾಂಕಿನ ಉದ್ಯೋಗದಲ್ಲಿದ್ದವರು, ಕಂಬ, ಬಾಗಿಲು, ಜಂತಿಗಳಿಗೆ ಗುರುತು ಹಾಕಿಸಿ ಮನೆಗಳನ್ನು ಹೊತ್ತು ತಂದು ಹಸ್ತಶಿಲ್ಪ ಟ್ರಸ್ಟಿನ ನೆಲದಲ್ಲಿ ಮತ್ತೆ ನಿಲ್ಲಿಸಿದರು. ಹರ್ಕೂರು, ಮಿಯಾರು, ಕುಂಜೂರುಗಳ ಮನೆಗಳೂ ಕುಕನೂರಿನ ಕಮಲಮಹಲೂ ಅಲ್ಲಿ ಅಕ್ಕಪಕ್ಕದವರಾಗಿವೆ. ಶೆಣೈಯವರು ೨೦೧೭ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ. ಅಲ್ಲಿ ಒಲೆ ಉರಿಯುವುದಿಲ್ಲ, ನಿಜ. ಮಾಮಾದ ಕಿಉಚಿ ಮನೆಯಲ್ಲೂ ಉರಿಯುವುದಿಲ್ಲ.

ಅರಮನೆಗಳ ವಿಷಯ ಬೇರೆಯೇ ಒಂದು ಪುರಾಣ. ಜಯಚಾಮರಾಜೇಂದ್ರ ಒಡೆಯರು ೧೯೭೪ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ ಬೆಂಗಳೂರು ಅರಮನೆಯ ಬಯಲಿಗೆ ಸಂಪತ್ತಿನ ತೆರಿಗೆ ಎಷ್ಟು ಎಂಬ ವ್ಯಾಜ್ಯ ಎದ್ದಿತು. ನಗರ ಭೂಮಿತಿ ಕಾನೂನಿನ ಪ್ರಕಾರ ಆ ಹೆಚ್ಚುವರಿ ಭೂಮಿಗೆ ಸರಕಾರ ಕೊಡಬಹುದಾದ ಪರಿಹಾರವೇ ಎರಡು ಲಕ್ಷ ರೂಪಾಯಿ ಮೀರದಿರುವಾಗ ತೆರಿಗೆಗೆ ಮಾತ್ರ ಪೇಟೆಯ ಧಾರಣೆ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ೨೦೧೫ರಲ್ಲಿ ತೀರ್ಪಿತ್ತಿತು. ದಾವೆ ಹೂಡಿದ್ದ ಶ್ರೀಕಂಠದತ್ತ ಒಡೆಯರು ಅಷ್ಟರಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು; ಸಂಪತ್ತಿನ ತೆರಿಗೆಯನ್ನೇ ಅದೇ ವರ್ಷದ ಬಜೆಟ್ಟಿನಲ್ಲಿ ಕಿತ್ತುಹಾಕಿದ್ದರು.

ಭಾರತದಲ್ಲಿ ಮರಣದ ತೆರಿಗೆ ಇಲ್ಲವೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಜಪಾನಿನಲ್ಲಿ ತೆರಿಗೆ ಬೀಳುವುದು ಸತ್ತವರ ಮೇಲಲ್ಲ, ಪಡೆದವರ ಮೇಲೆ. ಇಲ್ಲಿನ ಕಾಯಂ ವಾಸದ ಪರವಾನಗಿ ಪಡೆದವರಿಗೆ, ಅಥವಾ ಉದ್ಯೋಗದ ವೀಸಾದಲ್ಲೇ ಇದ್ದರೂ ಕಳೆದ ಹದಿನೈದು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಇಲ್ಲಿ ಕಳೆದವರಿಗೆ, ಊರಿನಲ್ಲಿ ತಂದೆಯಿಂದ ಬಂದ ಮನೆಯೂ ತೋಟವೂ ಇಲ್ಲಿನ ಲೆಕ್ಕಕ್ಕೆ ಸೇರುತ್ತವೆ. ಬಂಟ್ವಾಳದ ಅಡಿಕೆ ತೋಟಕ್ಕೆ ಇಚಿಕಾವಾದ ತೆರಿಗೆ ಕಚೇರಿ! ವಿನಾಯಿತಿ ಇರುವುದರಿಂದ ಹೆಚ್ಚಿನವರಿಗೆ ಕೈಯಿಂದ ಏನೂ ಹೋಗದಿರಬಹುದು. ಆದರೂ ಬೆಂಗಳೂರಿನ ಒಂದು ನಿವೇಶನದ ಇಂದಿನ ಬೆಲೆಯನ್ನು ಯೆನ್ನಿಗೆ ಬದಲಿಸಿ ನೋಡಿದವರಿಗೆ ವಿಷಯ ತಿಳಿದೀತು.

ಯಾವಾತಾದಲ್ಲಿ ಇನ್ನೊಂದು ಮನೆಯುಂಟು: ಚಲನಚಿತ್ರ ಕಥೆಗಾರ್ತಿ ಮಿಜುಕಿ ಯೋಕೋ ಅವರದು. ನ್ಯಾಯವಾಗಿ ದುಡಿದು ಮಾಡಿದ ಮನೆ, ಮಕ್ಕಳಿರಲಿಲ್ಲ. ೨೦೦೩ರಲ್ಲಿ ಅವರು ತೀರಿಕೊಂಡ ಮೇಲೆ ಮನೆ, ಹಸ್ತಪ್ರತಿ, ಪುಸ್ತಕಗಳೆಲ್ಲ ನಗರಸಭೆಗೆ ಸೇರಿದವು. ಗೊತ್ತಾದ ದಿನಗಳಲ್ಲಿ ಬಾಗಿಲು ತೆರೆಯುತ್ತಾರೆ. ನಗರಸಭೆಗೆ ಕೊಟ್ಟದ್ದಕ್ಕೆ ವಾರಸು ತೆರಿಗೆಯಿಲ್ಲ.

ಈ ಉಪಾಯ ಇಚಿಕಾವಾದಲ್ಲಿ ತೀರ ಹಳೆಯದು. ಹದಿಮೂರನೆಯ ಶತಮಾನದಲ್ಲಿ ಚಿಬಾ ಪಾಳೆಯಗಾರರ ಬಳಿ ಲೆಕ್ಕಪತ್ರದ ಕೆಲಸದಲ್ಲಿದ್ದ ತೊಕಿ ಜೋನಿನ್ ಎಂಬವರು ಈಗಿನ ನಾಕಾಯಾಮಾ ಬಳಿ ಮನೆ ಮಾಡಿದ್ದರು. ೧೨೬೦ರಲ್ಲಿ ಕಾಮಾಕುರಾದಿಂದ ತಪ್ಪಿಸಿಕೊಂಡು ಬಂದ ಬೌದ್ಧ ಗುರು ನಿಚಿರೆನ್ ಅವರಿಗೆ ಆಶ್ರಯ ಕೊಟ್ಟವರು. ೧೨೮೨ರಲ್ಲಿ ಗುರುಗಳು ತೀರಿಕೊಂಡ ಮೇಲೆ ತೊಕಿಯವರು ತಾವೇ ಸಂನ್ಯಾಸಿಯಾಗಿ ಮನೆಯ ಪೂಜಾಗೃಹವನ್ನು ದೇವಾಲಯ ಮಾಡಿದರು. ೧೨೯೯ರಲ್ಲಿ, ಸಾಯುವ ಮುನ್ನ, ಗುರುಗಳ ಬರಹಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಅವು ಹೊರಗೆ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದರು, ಲೆಕ್ಕದವರಲ್ಲವೆ! ಪಕ್ಕದಲ್ಲಿ ಓತಾ ಎಂಬ ಭಕ್ತರೂ ತಮ್ಮ ಮನೆಯನ್ನು ಹಾಗೆಯೇ ಗುಡಿ ಮಾಡಿದರು. ೧೫೪೫ರಲ್ಲಿ ಎರಡೂ ಸೇರಿ ಹೊಕೆಕ್ಯೋಜಿ ಆಯಿತು. ಚಿಬಾ ಪಾಳೆಯಗಾರರು ೧೫೯೦ರಲ್ಲಿ ಸೀಮೆಯನ್ನೆಲ್ಲ ಕಳೆದುಕೊಂಡರು. ಅವರ ಲೆಕ್ಕಿಗನ ಮನೆಯ ಕಾಗದಗಳು ಮಾತ್ರ ಇದ್ದಲ್ಲೇ ಇವೆ. ಅವುಗಳಲ್ಲಿ ಎರಡು ಇಂದು ರಾಷ್ಟ್ರನಿಧಿ. ಭಾರತವನ್ನೂ ಸುತ್ತಿ ನೋಡಿದ್ದ ವಾಸ್ತುಶಿಲ್ಪಿ ಇತೋ ಚೂತಾ ಅವರು ೧೯೩೧ರಲ್ಲಿ ಕಟ್ಟಿದ ಕಲ್ಲಿನ ಭಂಡಾರದಲ್ಲಿ ಅವನ್ನು ಇಟ್ಟಿದ್ದಾರೆ. ಆ ಕಟ್ಟಡದ ರೂಪ ನೋಡಿದರೆ ನಮ್ಮ ಕಡೆಯದೆಂದೇ ತೋರುತ್ತದೆ. ವರ್ಷಕ್ಕೊಮ್ಮೆ, ನವೆಂಬರ್ ೩ರಂದು, ಭಂಡಾರದ ಕಾಗದಗಳಿಗೆ ಗಾಳಿ ಆಡಿಸುತ್ತಾರೆ. ಕೆಯ್‌ಸೆಯ್ ನಾಕಾಯಾಮಾ ನಿಲ್ದಾಣದಿಂದ ನಡೆದೇ ಹೋಗಬಹುದು. ಮಳೆ ಬಂದರೆ ತೆರೆಯುವುದಿಲ್ಲ.